ಸದ್ದು ಮಾಡದ ಕಂಬಿ ಹುಡುಕಿದ ಅತ್ತೆ

ಬಾಗಿಲ ಸಂದಿಗೆ ಕಿವಿ ಕೊಡುವ ಮುಂಚೆ ಅತ್ತೆ ಕೈಬಳೆಗಳನ್ನೆಲ್ಲ ಮೊಣಕೈ ತನಕ ಒತ್ತಿ ಏರಿಸಿಕೊಳ್ಳುತ್ತಿದ್ದರು. ತುಂಬಿದ ತೋಳಿಗೆ ಅವು ಕಚ್ಚಿ ಕೂತು ಸದ್ದಡಗುತ್ತಿದ್ದವು. ಆಮೇಲೆ ಕಣ್ಣು ಮುಚ್ಚಿ, ಮಂಗಳಾರತಿಗೆ ನಿಂತವರ ಭಕ್ತಿಯಲ್ಲಿ ನಿಲ್ಲುತ್ತಿದ್ದರು. ಕದ್ದು ಕೇಳುತ್ತೀರಿ ಎಂದರೆ ಮಾತ್ರ ಕೋಪ. "ನಾನ್ಯಾಕೆ ಕದ್ದು ಕೇಳ್ಲಿ? ಅವರು ಮಾತಾಡ್ತಾವ್ರೆ, ನಂಗೆ ಕೇಳುಸ್ತದೆ ಅಷ್ಟೇ!"

ಅಪ್ಪನ ಅಕ್ಕ. ಹಳ್ಳಿಮೈಸೂರಿಗೆ ಮದುವೆಯಾಗಿ ಹೋದವರು. ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಏನೇ ಮಾತುಕತೆ ನಡೆಯಲಿ, ಹಿಂದಿನ ದಿನವೇ ಬಸ್ಸಿಳಿದು ಹಾಜರು. ಅವರಿಗೆ ಈ ಅಭ್ಯಾಸ ಬರಲು ಕಾರಣವಿತ್ತು. ತಮ್ಮನ್ನು ನೋಡಲು ಗಂಡಿನ ಕಡೆಯವರು ಬಂದಾಗ ಬಾಗಿಲ ಸಂದಿಯಲ್ಲಿ ಇಣುಕಿ, ನಡುವೆ ಕೂತಿದ್ದ ದಪ್ಪ ಮೀಸೆಯವರನ್ನು ಮೆಚ್ಚಿ ಹೂಂ ಎಂದಿದ್ದರಂತೆ. ಮಂಟಪದಲ್ಲಿ ಪಕ್ಕಕ್ಕೆ ಬಂದು ಕೂತದ್ದು ಮೀಸೆಯೇ ಇಲ್ಲದ ನಮ್ಮ ಮಾವ. ಮೀಸೆಯವರು ಮಾವನ ಭಾವ.

"ನಾನು ಒಪ್ಪಿದ್ದು ಇವರನ್ನಲ್ಲ" ಎಂದು ಅತ್ತೆ ಮೊಮ್ಮಕ್ಕಳ ಮುಂದೆಯೂ ಹೇಳುತ್ತಿದ್ದರು.

ಮಾವ ಎಲೆಗೆ ಸುಣ್ಣ ಸವರುತ್ತಾ, "ಆ ಮೀಸೆ ಒಳಗೆ ಎಂಥ ಬಾಯಿ ಐತೆ ಅಂತ ನಮ್ಮಕ್ಕನ್ನ ಕೇಳು ಓಗು" ಎನ್ನುತ್ತಿದ್ದರು.

ಅಂದಿನಿಂದ ಅತ್ತೆಯದು ಒಂದೇ ಸಿದ್ಧಾಂತ: ನೋಡಿದರೆ ಸಾಲದು, ಕೇಳಬೇಕು.

ನನ್ನನ್ನು ನೋಡಲು ಅರಕಲಗೂಡಿನ ಕಡೆಯ ಗಂಡು ಬರುವುದು ನಿಶ್ಚಯವಾದಾಗ, ಹಾಸನದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿ ವರ್ಷವೂ ತುಂಬಿರಲಿಲ್ಲ. ಕೆಲಸ ಬಿಡಿಸುವ ಮನೆಗೆ ಹೋಗುವುದಿಲ್ಲ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದೆ. ಅಪ್ಪ ಫೋನಿನಲ್ಲಿ ವಿಚಾರಿಸಿದ್ದಕ್ಕೆ ಅವರು "ಧಾರಾಳವಾಗಿ ಓಗ್ಲಿ" ಎಂದಿದ್ದರು.

"ಫೋನ್ನಲ್ಲಿ ಎಲ್ಲಾರೂ ಧಾರಾಳವೇ ಕಣ್ಲಾ. ನಾವಿಲ್ದಾಗ ಏನಂತಾರೆ, ಅದು ಮಾತು" ಎಂದರು ಅತ್ತೆ.

ಅದಕ್ಕೆ ನಮ್ಮ ಮನೆ ಹೇಳಿ ಮಾಡಿಸಿದಂತಿತ್ತು. ಹಳೆಯ ಮನೆಯ ಮುಂದೆ ಅಪ್ಪ ಹಾಲ್ ಕಟ್ಟಿಸಿದಾಗ, ಮೊದಲು ಬೀದಿ ಕಾಣುತ್ತಿದ್ದ ಕೋಣೆಯ ಕಿಟಕಿ ಈಗ ಹಾಲಿನ ಸೋಫಾದ ಹಿಂದಕ್ಕೆ ಬಂದಿತ್ತು. ಅದಕ್ಕೊಂದು ಪರದೆ ಬೇಕು, ಪರದೆಗೆ ಕಂಬಿ ಬೇಕು. ಇದ್ದದ್ದು ಎರಡು ಮೊಳೆಗೆ ಬಿಗಿದ ಸ್ಪ್ರಿಂಗು, ಮುಟ್ಟಿದರೆ ಕೊಯ್ಯೆನ್ನುತ್ತಿತ್ತು.

ಅಂಗಡಿಗೆ ಅಪ್ಪನೂ ಬಂದಿದ್ದರು. ತುದಿಯಲ್ಲಿ ಕಮಲದ ಮೊಗ್ಗಿರುವ ಹಿತ್ತಾಳೆ ಬಣ್ಣದ ಕಂಬಿಯ ಮೇಲೆ ಅವರಿಗೆ ಮನಸ್ಸು. ಅತ್ತೆ ಅಂಗಡಿಯವರಿಗೆ ಬೆನ್ನು ಮಾಡಿ ಕಣ್ಣು ಮುಚ್ಚಿದರು.

"ಊಂ, ಎಳಿಯಪ್ಪ."

ಅಂಗಡಿಯವರು ರಿಂಗುಗಳನ್ನು ಸರಿಸಿದರು. ಕಿರ್ರ್ ಎಂದಿತು.

"ಇದು ಬ್ಯಾಡ. ಮುಂದಿನ್ದು."

ಸ್ಟೀಲಿನದು ಕಿರುಚಿತು. ಮರದ್ದು ಗೊರಗೊರ ಎಂದಿತು. ಗಾಲಿಯ ಮೇಲೆ ಓಡುವುದು ಅತ್ತೆಯ ಪ್ರಕಾರ "ರೈಲು ಬಂದಂಗೆ". ಸಂಜೆ ದಿನಚರಿಯಲ್ಲಿ ಬರೆದುಕೊಂಡೆ: ಕೇಳಿದ ಕಂಬಿ ಒಂಬತ್ತು, ಪಾಸಾದದ್ದು ಒಂದು.

"ಅಮ್ಮಾ, ಕಂಬಿ ತಗೊಳ್ಳೋಕೆ ಬಂದ್ರೋ ಸಂಗೀತ ಕೇಳೋಕೆ ಬಂದ್ರೋ?" ಎಂದರು ಅಂಗಡಿಯವರು.

"ಸಂಗೀತ ಬ್ಯಾಡ ಅಂತ್ಲೇ ಬಂದಿರೋದು ಕಣಪ್ಪ!"

ಪಾಸಾದದ್ದರ ರಿಂಗುಗಳ ಒಳಗೆ ಪ್ಲಾಸ್ಟಿಕ್ ಪಟ್ಟಿ ಇತ್ತು. ಸಾಲದೆಂದು ಅತ್ತೆ ಮನೆಗೆ ಬಂದು ಕಂಬಿಗೆ ಕೊಬ್ಬರಿ ಎಣ್ಣೆ ಸವರಿದರು. ಪರದೆ ಬೆಣ್ಣೆಯ ಹಾಗೆ ಸರಿಯಿತು. ಕಂಬಿಯ ಬಗ್ಗೆ ಇಷ್ಟೆಲ್ಲ ಯೋಚಿಸಿದ ನಾವು ಯಾರೂ ಗೋಡೆಯ ಬಗ್ಗೆ ಯೋಚಿಸಲಿಲ್ಲ. ಹಳೆಯ ಮನೆಯ ಗೋಡೆ, ಮಣ್ಣಿನದು.

ಭಾನುವಾರ ಗಂಡಿನ ಕಡೆಯವರು ಬಂದು ಕೂತರು. ಅಡುಗೆಮನೆಯಲ್ಲಿ ಒಂದು ಕಟ್ಟು ವೀಳ್ಯದೆಲೆ ಇದ್ದರೂ ಅತ್ತೆ ಅಲ್ಲಿಂದಲೇ, "ಎಲೆ ಇಲ್ಲ ಕಣ್ಲಾ, ಓಗಿ ತತ್ತಾ" ಎಂದು ಕೂಗಿ ಅಪ್ಪನನ್ನು ಆಚೆಗಟ್ಟಿದರು. ಬಳೆ ಏರಿಸಿದರು. ಪರದೆಯ ಹಿಂದೆ ಅವರು, ಅವರ ಹಿಂದೆ ರೇಷ್ಮೆ ಸೀರೆಯಲ್ಲಿ ನಾನು.

ಹಾಲಿನಲ್ಲಿ ಗಂಡಿನ ತಾಯಿ ದನಿ ತಗ್ಗಿಸಿ ಕೇಳಿದರು: "ದಿನಾ ಆಸನಕ್ಕೆ ಓಗಿ ಬಂದ್ರೆ ಮನೆ ಕೆಲ್ಸ ಯಾರ್ಲಾ ಮಾಡೋರು?"

"ಈಗ ಹೂಂ ಅನ್ನವ್ವ. ಆಮೇಲೆ ಬುಡ್ಸಿದ್ರಾಯ್ತು" ಎಂದ ಹುಡುಗ.

ಇನ್ನೂ ಚೆನ್ನಾಗಿ ಕೇಳಿಸಲೆಂದು ಅತ್ತೆ ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ಮುಂದಕ್ಕೆ ವಾಲಿದರು. ಕಂಬಿ, ಸ್ಕ್ರೂ, ಒಂದು ಬುಟ್ಟಿಯಷ್ಟು ಮಣ್ಣು ಎಲ್ಲ ಒಟ್ಟಿಗೆ ಇಳಿಯಿತು. ಸೋಫಾದಲ್ಲಿದ್ದವರು ತಿರುಗಿ ನೋಡಿದರೆ ಕಿಟಕಿಯ ಸರಳಿನಾಚೆ ತಲೆಯ ಮೇಲೆ ಪರದೆ ಹೊದ್ದು, ಮೂಗಿನ ತುದಿಗೆ ಮಣ್ಣು ಮೆತ್ತಿಕೊಂಡ ಅತ್ತೆ. ನಾನಾಗಿದ್ದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದೆ. ಅತ್ತೆ ಎರಡೂ ಕೈಯಲ್ಲಿ ಸರಳು ಹಿಡಿದು ಕೇಳಿದರು:

"ಆಮೇಲೆ ಅಂದ್ರೆ ಯಾವಾಗಪ್ಪ?"

ಹುಡುಗ ಎದ್ದು ನಿಂತ. ತಾಯಿ ಸಿಡಿದರು: "ಏನ್ರೀ ಇದು, ಕಿಟಕೀಲಿ ನಿಂತ್ಕೊಂಡು!"

"ಕಿಟಕಿ ನಮ್ದು ಕಣವ್ವ, ನಿಂತ್ಕೋತೀವಿ. ನೀವು ಯೋಳಿ, ಯಾವಾಗ ಬುಡ್ಸೋದು?" ಎಂದವರೇ ಅತ್ತೆ ನನ್ನ ರಟ್ಟೆ ಹಿಡಿದು ಕಿಟಕಿಗೆ ಎಳೆದರು. "ನೀನೇ ಯೋಳವ್ವ. ಅವರು ಯೋಳಿದ್ದಾಯ್ತಲ್ಲ."

"ನಾನು ಕೆಲಸ ಬಿಡಲ್ಲ" ಎಂದೆ. ಮನೆತುಂಬ ಜನರೆದುರು ನಾನು ದನಿಯೆತ್ತಿದ್ದು ಅದೇ ಮೊದಲು.

ಅಪ್ಪ ಎಲೆ ಹಿಡಿದು ಬರುವ ಹೊತ್ತಿಗೆ ಅವರ ಕಾರು ಬೀದಿ ತಿರುಗುತ್ತಿತ್ತು. "ಮಾನ ಕಳುದ್ಬುಟ್ಟೆ ಕಣಕ್ಕಾ!" ಎಂದು ಅಪ್ಪ ತಲೆ ಮೇಲೆ ಕೈ ಹೊತ್ತರು.

"ಮಾನನ ಆ ಕಂಬಿ ಮೇಲೆ ನೇತಾಕಿದ್ಯೇನ್ಲಾ? ಬಿದ್ದಿರೋದು ಬಟ್ಟೆ. ಕಾಫಿ ಆರೋಯ್ತದೆ, ಕುಡಿ."

ಹೋದ ವರ್ಷ ಅತ್ತೆ ನಿದ್ದೆಯಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ನಾನು ಲ್ಯಾಬಿನಲ್ಲಿದ್ದೆ. ಸಮವಸ್ತ್ರದಲ್ಲೇ ಹೊಳೆನರಸೀಪುರದ ಬಸ್ಸು ಹಿಡಿದು ಹಳ್ಳಿಮೈಸೂರು ಸೇರಿದೆ. ಅಂಗಳದ ತುಂಬ ಜನ. ಒಲೆ ಹಚ್ಚಿರಲಿಲ್ಲ, ಪಕ್ಕದ ಮನೆಯವರು ಹಿರಿಯರಿಗೆಲ್ಲ ಕಾಫಿ ಕೊಡುತ್ತಿದ್ದರು. ಅತ್ತೆಯ ತಲೆಯ ಬಳಿ ಕೂತಿದ್ದ ಮಾವ ನನ್ನನ್ನು ನೋಡಿ ಕೈಯೆತ್ತಿ ಕಾಫಿ ಕೊಡುತ್ತಿದ್ದವರನ್ನು ತಡೆದರು.

"ಮೊದ್ಲು ಅವಳಿಗೆ ಕೊಡಿ. ಡ್ಯೂಟಿಯಿಂದ ಬಂದವ್ಳೆ."