ಎಂಟು ಗಂಟೆಯ ಕಾಗದ

ಬೀದಿಯ ಮಕ್ಕಳಿಗೆಲ್ಲ ಅವನು ಗಾಳಿಮಾಮ. ಗಾಳಿ ಅಳೆಯುವುದೇ ಅವನ ಸರಕಾರಿ ಕೆಲಸ. ಎರಕದ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಮೂರು ಮಹಡಿಯ ಹಳೆಯ ಕಟ್ಟಡವೊಂದಿತ್ತು, ಅದರ ತಾರಸಿಯ ಮೇಲೆ ತಗಡಿನ ಯಂತ್ರ. ಒಳಗೊಂದು ಬಿಳಿ ಕಾಗದ ಹಾಕಿ ಎಂಟು ಗಂಟೆ ಓಡಿಸಿದರೆ ಗಾಳಿಯ ಧೂಳೆಲ್ಲ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ದಿನಕ್ಕೆ ಮೂರು ಕಾಗದ. ಎಷ್ಟು ಗಂಟೆ ಓಡಿತೆಂದು ಲಕೋಟೆಯ ಮೇಲೆ ಬರೆದು ಕಳಿಸಿದರೆ ಆಫೀಸಿನವರು ತೂಗಿ ಲೆಕ್ಕ ಹಾಕುತ್ತಾರೆ.

ಕೇಳುವುದಕ್ಕೇನೋ ಸುಲಭ. ಆದರೆ ಎಂಟೆಂಟು ಗಂಟೆಗೊಮ್ಮೆ ಎಂದರೆ ರಾತ್ರಿಯೂ ಬರಬೇಕಲ್ಲ! ನಮ್ಮ ಗಾಳಿಮಾಮನಿಗೆ ನಿದ್ದೆಯೆಂದರೆ ಪ್ರಾಣ. ತಲೆ ಓಡಿಸಿದ. ಒಂದೊಂದು ಕಾಗದವನ್ನೂ ಎರಡೂವರೆ ಗಂಟೆ ಓಡಿಸುವುದು, ಲಕೋಟೆಯ ಮೇಲೆ ಎಂಟು ಎಂದು ಬರೆಯುವುದು. ಸಂಜೆಯೊಳಗೆ ಮೂರೂ ಮುಗಿದು ಮಹಾರಾಯ ಮನೆ ಸೇರಿರುತ್ತಿದ್ದ. ಒಂದು ದಿನವಲ್ಲ, ಎರಡು ದಿನವಲ್ಲ, ಆರು ವರ್ಷ! ಇದರಿಂದ ಯಾರಪ್ಪನ ಗಂಟು ಹೋಗಬೇಕು ಎಂದುಕೊಂಡಿದ್ದ.

ಅದೇ ಬೀದಿಯಲ್ಲಿ ಅವನ ಅಕ್ಕನ ಮನೆ. ಅಕ್ಕನದು ಹೊಲಿಗೆ ಕೆಲಸ. ಯಂತ್ರವನ್ನು ನಾಲ್ಕು ಸಲ ತುಳಿದರೆ ಏದುಸಿರು, ಒಂದು ಬಕೆಟ್ ನೀರು ಎತ್ತಿದರೆ ಗೋಡೆ ಹಿಡಿದು ನಿಲ್ಲಬೇಕು. ಕಾರ್ಖಾನೆಯ ಹೊಗೆಯದೇ ಕೆಲಸ ಇದು ಎಂದು ಅವಳಿಗೆ ಅನುಮಾನ. ಒಮ್ಮೆ ತಮ್ಮನನ್ನೇ ಕೇಳಿದಳು.

"ನಿಜ ಹೇಳೋ, ಈ ಗಾಳೀಲಿ ಏನಾದ್ರೂ ಇದೆಯಾ?"

"ಏನೂ ಇಲ್ಲ ಕಣಕ್ಕ. ನಮ್ಮ ಲೆಕ್ಕದಲ್ಲಿ ಗಾಳಿ ಚೆನ್ನಾಗೇ ಇದೆ."

ಭಾವನಿಗೆ ಅಷ್ಟೇ ಸಾಕಾಯಿತು. "ಕೇಳಿಸ್ತಲ್ಲ? ಒಡಹುಟ್ಟಿದವನೇ ಅಳೆದು ಹೇಳ್ತಿದ್ದಾನೆ. ಕೆಲಸ ಕಂಡ್ರೆ ನಿಂಗೆ ದಮ್ಮು ಬರುತ್ತೆ, ಅಷ್ಟೇ!" ಎಂದು ಗಹಗಹಿಸಿ ನಕ್ಕ. ಅಂದಿನಿಂದ ಅಕ್ಕ ಕೆಮ್ಮು ಬಂದಾಗಲೆಲ್ಲ ಬಟ್ಟೆಯ ಚೂರೊಂದನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಆಮೇಲೆ ಬಂತು ನೋಡಿ ಲಾಕ್‌ಡೌನ್. ಕಾರ್ಖಾನೆಗೆ ಬೀಗ, ರಸ್ತೆಗೆ ಅಡ್ಡಗಟ್ಟೆ. ಓಡಾಟ ಬೇಡ, ತಾರಸಿಯ ಕೋಣೆಯಲ್ಲೇ ಇದ್ದು ಅಳತೆ ನಡೆಸು ಎಂದು ಆಫೀಸಿನಿಂದ ಹುಕುಂ. ಅಲ್ಲಿ ಮಾಡುವುದಕ್ಕೆ ಬೇರೆ ಏನಿದೆ, ಮಣ್ಣು? ಗಾಳಿಮಾಮ ಕಾಗದವನ್ನು ಪೂರ್ತಿ ಎಂಟು ಗಂಟೆ ಓಡಿಸಿದ. ತೆಗೆದು ನೋಡಿದರೆ ತಿಳಿಬೂದಿ ಬಣ್ಣ. ಎಲ್ಲೋ ಕಂಡ ಬಣ್ಣವಲ್ಲವೇ ಇದು ಎನಿಸಿತು. ಕಳಿಸದೆ ಉಳಿದಿದ್ದ ಹಿಂದಿನ ತಿಂಗಳ ಲಕೋಟೆಯೊಂದನ್ನು ಬಿಚ್ಚಿ ಪಕ್ಕದಲ್ಲಿಟ್ಟ. ಎರಡೂ ಒಂದೇ ಬಣ್ಣ. ಬೀಗ ಹಾಕಿದ ಊರಿನಲ್ಲಿ ಎಂಟು ಗಂಟೆಗೆ ಸೇರುವ ಧೂಳು, ಕಾರ್ಖಾನೆ ನಡೆಯುವಾಗ ಎರಡೂವರೆ ಗಂಟೆಗೇ ಸೇರಿತ್ತು.

ಹದಿನೈದು ದಿನ ಕಳೆದಿರಬೇಕು. ಅಕ್ಕ ಊಟದ ಡಬ್ಬಿ ಹಿಡಿದು ತಾರಸಿಗೇ ಬಂದುಬಿಟ್ಟಳು. "ನೋಡೋ, ಮೂರು ಮಹಡಿ! ಎಲ್ಲೂ ನಿಲ್ಲದೆ ಹತ್ತಿ ಬಂದೆ!" ಎಂದು ಸಣ್ಣ ಹುಡುಗಿಯಂತೆ ನಗುತ್ತಿದ್ದಳು. ಗಾಳಿಮಾಮ ಡಬ್ಬಿ ಬಿಚ್ಚಿ ಉಣ್ಣಲು ಕೂತ. ಹೇಳಿಬಿಡಬೇಕೆಂದುಕೊಂಡ. ಹೇಳಿದರೆ ಕೆಲಸಕ್ಕೆ ಸಂಚಕಾರ. ನಾಳೆ ಹೇಳಿದರಾಯಿತು ಎಂದು ಡಬ್ಬಿ ತೊಳೆದು ಕೊಟ್ಟ. ಆ ನಾಳೆ ಎರಡು ತಿಂಗಳಾದರೂ ಬರಲಿಲ್ಲ, ಹೇಡಿ!

ಬೀಗ ತೆಗೆಯುವ ಹೊತ್ತಿಗೆ ಬೀದಿಯವರು ಪಟ್ಟು ಹಿಡಿದರು. ಚಿಮಣಿಗೆ ಹೊಗೆ ಸೋಸುವ ಯಂತ್ರ ಕೂರಿಸುವ ತನಕ ಕುಲುಮೆ ಹೊತ್ತಿಸಕೂಡದು. ಎಲ್ಲರಿಗಿಂತ ಮುಂದೆ ನಿಂತವಳು ಅಕ್ಕ. ಶಾಲೆಯ ಹಾಲ್‌ನಲ್ಲಿ ಸಭೆ ಸೇರಿತು, ಅಧಿಕಾರಿಗಳು ಬಂದರು. ಗಾಳಿಮಾಮ ಕೊನೆಯ ಬೆಂಚಿನಲ್ಲಿ ಮುದುಡಿ ಕೂತ.

ಕಾರ್ಖಾನೆಯ ಮ್ಯಾನೇಜರ್ ಗೋಡೆಗೆ ಒಂದು ಗ್ರಾಫ್ ಹಾಳೆ ಅಂಟಿಸಿದ. "ಇದು ಸರಕಾರದ್ದೇ ಲೆಕ್ಕ ಸ್ವಾಮಿ. ಕಾರ್ಖಾನೆ ನಡೀತಿದ್ದಾಗ್ಲೂ ಇಷ್ಟೇ ಧೂಳು, ಬೀಗ ಹಾಕಿದ್ದಾಗ್ಲೂ ಇಷ್ಟೇ. ಗೆರೆ ನೆಟ್ಟಗಿದೆ. ಹಾಗಿದ್ಮೇಲೆ ನಮ್ಮ ತಪ್ಪೇನು?"

ಅಕ್ಕ ಎದ್ದು ಹಾಳೆಯ ಹತ್ತಿರ ಹೋಗಿ ನೋಡಿದಳು. ತಿರುಗಿದಾಗ ಅವಳ ಮುಖ ಬಾಡಿತ್ತು.

"ಅಳೆದವನು ನನ್ನ ತಮ್ಮ. ಅವನು ಸುಳ್ಳು ಹೇಳೋನಲ್ಲ. ನನ್ನ ಎದೆನೇ ಸರಿಯಿಲ್ಲ ಅಂತ ಕಾಣುತ್ತೆ. ಸುಮ್ನೆ ಎಲ್ರಿಗೂ ತೊಂದ್ರೆ ಕೊಟ್ಟೆ, ತಪ್ಪಾಯ್ತು," ಎಂದು ತಲೆ ತಗ್ಗಿಸಿದಳು. ಭಾವ ಪಕ್ಕದವನನ್ನು ನೋಡಿ ಕಣ್ಣು ಮಿಟುಕಿಸಿದ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಗಾಳಿಮಾಮನಿಗೆ. ನಾಚಿಕೆಯಿಂದ ಕಿವಿಯವರೆಗೂ ಮುಖ ಸುಡುತ್ತಿತ್ತು. ಬೆಂಚು ಹಿಡಿದುಕೊಂಡು ಎದ್ದ.

"ಅಕ್ಕ, ತಲೆ ಎತ್ತು. ನಿಂದೇನೂ ತಪ್ಪಿಲ್ಲ. ಎರಡೂವರೆ ಗಂಟೆ ಓಡಿಸಿ ಎಂಟು ಅಂತ ಬರೀತಿದ್ದೆ. ಬೀಗ ಹಾಕಿದ್ಮೇಲೆ ಅಳೆದದ್ದು ಮಾತ್ರ ನಿಜ. ಅದಕ್ಕೆ ಮುಂಚಿನದೆಲ್ಲ ಸುಳ್ಳು. ಆರು ವರ್ಷದ್ದೂ."

ಹಾಲ್‌ನಲ್ಲಿ ಗದ್ದಲವೆದ್ದಿತು. ಅಧಿಕಾರಿ ಏನೋ ಬರೆದುಕೊಳ್ಳತೊಡಗಿದ, ಮ್ಯಾನೇಜರ್ ಹಾಳೆ ಕಿತ್ತು ಸುತ್ತಿಕೊಂಡ. ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ. ಬೆಂಚುಗಳ ನಡುವೆ ನಡೆದು ಬಂದು ಅವನೆದುರು ನಿಂತಳು.

"ಯಾಕೋ?" ಎಂದಳು.

ಮನೆಯಲ್ಲಿ ಕಾಯಿಲೆ ಇತ್ತು, ಮೇಲಿನವರ ಒತ್ತಡವಿತ್ತು, ಏನಾದರೊಂದು ದೊಡ್ಡ ಕಾರಣ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಅವನ ಹತ್ತಿರ ಇದ್ದದ್ದು ಒಂದೇ.

"ನಿದ್ದೆ ಬರ್ತಿತ್ತು ಅಕ್ಕ," ಎಂದ.