ನಿಂಬೆಗೆ ನೀರು ಬಿಡುವ ದಿನ

ತಾತನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನು ಭಾನುವಾರ ಜಗುಲಿಯ ಮೇಲೆ ಕೂತು ಬ್ಲೇಡಿನಿಂದ ತೆಗೆದುಕೊಳ್ಳುತ್ತಿದ್ದರು, ಅದೊಂದನ್ನು ಬಿಡುತ್ತಿದ್ದರು. ಅಂಚು ಹಳದಿ, ತುದಿ ಚೂಪು. ಸಾಸಿವೆಗಿಂತ ತುಸು ದೊಡ್ಡದಾದ ನಿಂಬೆ ಮೊಗ್ಗನ್ನು ಅದರಿಂದ ಸೀಳಿ, ಎರಡೂ ಹೋಳುಗಳನ್ನು ನನ್ನ ಅಂಗೈಗೆ ಹಾಕಿ, "ಒಳಗೇನದೆ ನೋಡು ಮಗ" ಎನ್ನುತ್ತಿದ್ದರು. ನಡುವೆ ಗಸಗಸೆಯಷ್ಟು ಹಸಿರು ಕಾಳು ಕಂಡರೆ ಅದು ಕಾಯಿಯಾಗುವ ಮೊಗ್ಗು. ಕಾಣದಿದ್ದರೆ ಹೂವಾಗಿ ಘಮ್ಮೆಂದು ಉದುರಿಹೋಗುವ ಮೊಗ್ಗು.

ನಮ್ಮ ತೋಟದ ಬದುವಿನಾಚೆ ಅವರ ತೋಟ. ಸಂಬಂಧಿಕರಲ್ಲ, ಆದರೆ ನನಗೆ ಬುದ್ಧಿ ಬಂದಾಗಿನಿಂದ ತಾತ. ಹಾರನಹಳ್ಳಿ ಸುತ್ತಮುತ್ತ ಯಾರ ಗಿಡ ಹೂ ಬಿಡದಿದ್ದರೂ ಅವರು ಬಂದು ತಾತನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಹೋದಲ್ಲೆಲ್ಲ ಮೊದಲು ಗಿಡಗಳಿಗೆ ಒಂದು ಸುತ್ತು ಬರಬೇಕು, ಆಮೇಲೆ ಕಾಫಿ. ಎಲೆ ದಟ್ಟವಾಗಿ ಹೂವಿಲ್ಲದ ಗಿಡ ಕಂಡರೆ ಒಡೆಯನ ಮುಖ ನೋಡಿ, "ಇದೇನ್ಲಾ, ಸೊಪ್ಪಿನಂಗ್ಡಿ ಇಟ್ಟಿದ್ದೀಯಾ?" ಎಂದು ಕೇಳುತ್ತಿದ್ದರು.

ನನ್ನದೂ ಸೊಪ್ಪಿನಂಗಡಿಯೇ ಆಗಿತ್ತು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಮಗಳಿಗೆಂದು ಅಪ್ಪ ಅರ್ಧ ಎಕರೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಇಪ್ಪತ್ತೆರಡು ನಿಂಬೆ ನೆಟ್ಟಿದ್ದೆ. ಪ್ರತಿ ಗಿಡಕ್ಕೂ ನಂಬರು, ಪ್ರತಿ ನಂಬರಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ನಾಲ್ಕನೇ ವರ್ಷಕ್ಕೂ ಹೂ ಸರಿಯಾಗಿ ಬರಲಿಲ್ಲ. "ಈ ಸಲವೂ ಬರ್ದಿದ್ರೆ ಕಿತ್ತಾಕಿ ಶುಂಠಿ ಹಾಕ್ತೀನಿ" ಎಂದರು ಅಪ್ಪ.

ತಾತ ಬಂದು ಸುತ್ತು ಹಾಕಿದರು. "ನೀನು ಜಾಸ್ತಿ ನೀರ್ ಕುಡಿಸ್ತಾ ಇದ್ದೀಯ ಕಣ್ ಮಗ. ಹೊಟ್ಟೆ ತುಂಬಿದ್ ಗಿಡ ಬರೀ ಚಿಗುರ್ತಾ ಕೂರ್ತದೆ. ಬಾಯಾರ್ಬೇಕು. ಆಗ ಹೂವಿನ್ ಯೋಚ್ನೆ ಬತ್ತದೆ."

"ಎಷ್ಟು ದಿನ ತಾತ?"

"ದಿನ ನಾನ್ ಹೇಳ್ತೀನಿ. ನೀನು ಬರ್ಕೊಂಡ್ ಹೋಗು."

ಎರಡೂ ತೋಟಕ್ಕೆ ಇದ್ದದ್ದು ಒಂದೇ ಬೋರ್‌ವೆಲ್. ಒಂದು ದಿನ ನಮ್ಮದು, ಒಂದು ದಿನ ಅವರದು. ನಿಂಬೆ ಒಣಗಿಸುವಷ್ಟು ದಿನ ನಮ್ಮ ಸರದಿಯ ನೀರನ್ನು ತಮ್ಮ ಶುಂಠಿಗೆ ತಿರುಗಿಸಿಕೊಳ್ಳುತ್ತೇನೆ ಎಂದರು. ಸುಮ್ಮನೆ ಮೋಟರು ಯಾಕೆ ನಿಲ್ಲಿಸಬೇಕು ಎಂದು ನಾನೂ ಒಪ್ಪಿದೆ.

ಫೆಬ್ರವರಿ ಆರಕ್ಕೆ ನೀರು ನಿಲ್ಲಿಸಿದೆ. ತಮ್ಮ ಮನೆಯ ಹಿಂದಿನ ಐದು ನಿಂಬೆ ಗಿಡಗಳಿಗೂ ಅವರು ಅವತ್ತೇ ನಿಲ್ಲಿಸಿದರು. ಹತ್ತನೇ ದಿನದ ಹೊತ್ತಿಗೆ ಮಧ್ಯಾಹ್ನ ಎಲೆ ಮುದುಡತೊಡಗಿತು, ಸಂಜೆಗೆ ಬಿಡಿಸಿಕೊಳ್ಳುತ್ತಿತ್ತು. ಇಪ್ಪತ್ತೊಂದನೇ ದಿನ ಏಳನೇ ನಂಬರಿನ ಗಿಡದಲ್ಲಿ ಮೊದಲ ಮೊಗ್ಗು. ಅಮ್ಮನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದೆ. ಇಪ್ಪತ್ನಾಲ್ಕನೇ ದಿನ, ಮಾರ್ಚ್ ಒಂದರಂದು, ಬೆಳಿಗ್ಗೆ ಏಳಕ್ಕೂ ಎಲೆಗಳು ಮುದುಡಿಕೊಂಡೇ ಇದ್ದವು. ಓಡಿಹೋಗಿ ತಾತನನ್ನು ಕರೆದೆ.

ಬಂದರು. ಒಂದು ಮೊಗ್ಗು ಕಿತ್ತು ಸೀಳಿದರು. ಬಗ್ಗಿ ನೋಡಿದರು. ಅವತ್ತು ಹೋಳುಗಳನ್ನು ನನ್ನ ಅಂಗೈಗೆ ಹಾಕಲಿಲ್ಲ, ನೆಲಕ್ಕೆ ಒದರಿದರು.

"ಇನ್ನೂ ಎಳೇದು. ಇನ್ನೊಂದ್ ವಾರ ಬುಡು."

ಅವತ್ತೇ ಮಧ್ಯಾಹ್ನ ಅವರ ಐದು ಗಿಡಗಳ ಪಾತಿಯಲ್ಲಿ ನೀರು ನಿಂತಿದ್ದು ಕಂಡು ಕೇಳಿದೆ. "ಅವು ಮುದಿ ಗಿಡ ಮಗ, ತಡ್ಕೊಳಲ್ಲ. ನಿಂದು ಪ್ರಾಯದವು" ಎಂದು ನಕ್ಕರು. ನಾನೂ ನಕ್ಕೆ. 'ತಾತನ ನಿಂಬೆಗೆ ನೀರು, ಮುದಿ ಗಿಡ' ಎಂದು ಬರೆದುಕೊಂಡೆ.

ಆ ಒಂದು ವಾರ ಮೂರು ವಾರವಾಯಿತು. ಪ್ರತಿ ಸಲ ಕೇಳಿದಾಗಲೂ ಅದೇ ಮಾತು. ಎಲೆ ಉದುರಿತು, ಕೆಲವು ಕಡ್ಡಿಗಳು ತುದಿಯಿಂದ ಒಣಗಿದವು. ಅಪ್ಪ ಬೈದರು. "ತಾತನಿಗಿಂತ ನಿಮಗೆ ಗೊತ್ತಾ?" ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ. ತಾತನ ಶುಂಠಿ ಸಾಲು ಸಾಲಾಗಿ ಮೊಳೆತು ಮೇಲೆದ್ದ ಮೇಲೆ, ನಲವತ್ತೇಳನೇ ದಿನ, "ಈಗ ಬುಡು ನೀರ" ಎಂದರು.

ಹೂವೇನೋ ಬಂತು. ಬದುವಿನವರೆಗೂ ಘಮ. ಜೇನುನೊಣಗಳ ಸದ್ದಿಗೆ ಅಪ್ಪನೂ ಬಂದು ನಿಂತು ನೋಡಿದರು. ಹದಿನೈದು ದಿನದಲ್ಲಿ ನೆಲವೆಲ್ಲ ಬಿಳಿಯಾಯಿತು, ಕೊಂಬೆಯಲ್ಲಿ ಕಾಯಿ ಇರಲಿಲ್ಲ. ಉಳಿದಿದ್ದ ಹೂಗಳಲ್ಲಿ ಹತ್ತನ್ನು ಕಿತ್ತು ಸೀಳಿದೆ. ಎಂಟರಲ್ಲಿ ಹಸಿರು ಕಾಳಿರಲಿಲ್ಲ. ತಾತನ ಗಿಡಗಳಲ್ಲಿ ಆಗಲೇ ಕಾಯಿ ಕಚ್ಚಿತ್ತು, ತಡವಾಗಿ ಬಂದ ಹೂಗಳಲ್ಲಿ ಹತ್ತು ಕಿತ್ತೆ. ಒಂದರಲ್ಲಿ ಇರಲಿಲ್ಲ. ನೋಟ್‌ಬುಕ್ ತೆಗೆದು ಮಾರ್ಚ್ ಒಂದರಂದು ಬರೆದದ್ದನ್ನು ನೋಡಿದೆ. ನನ್ನದೇ ಅಕ್ಷರ. ಮುದಿ ಗಿಡ.

ತಾತ ಜಗುಲಿಯ ಮೇಲಿದ್ದರು. ಪುಟ ತೆಗೆದು ಮುಂದಿಟ್ಟೆ. ಓದಲಿಲ್ಲ.

"ಮೊಗ್ಗು ಕಾಣಿಸ್ಕೊಂಡ್ ಮೇಲೂ ಒಣಗ್ಸಿದ್ರೆ ಒಳಗೆ ಕಾಳು ಕಟ್ಟಲ್ಲ" ಎಂದರು, ಪಾಠ ಹೇಳುವ ದನಿಯಲ್ಲೇ. "ಬೆಳಿಗ್ಗೆನೂ ಎಲೆ ಬಿಡಿಸ್ಕೊಳ್ದೆ ಇದ್ದಾಗ ನೀರ್ ಕೊಟ್ಬುಡ್ಬೇಕು."

"ಅವತ್ತು ನಿಮಗೆ ಗೊತ್ತಿತ್ತು."

"ಶುಂಠಿ ಮೊಳೆಯೋ ಟೈಮು ಕಣ್ ಮಗ. ಬೋರಲ್ಲಿ ನೀರು ಇಳ್ದೋಗಿತ್ತು."

"ಕೇಳಿದ್ರೆ ಅರ್ಧ ಕೊಡ್ತಿದ್ವಿ ತಾತ."

"ಕೇಳಿದ್ರೆ ನಿಮ್ಮಪ್ಪ ಬುಡ್ತಿದ್ನಾ?"

ಬಿಡುತ್ತಿದ್ದರು. ಪುಸ್ತಕ ಎತ್ತಿಕೊಂಡು ಮನೆಗೆ ಬಂದೆ. ಮೇ ತಿಂಗಳಲ್ಲಿ ಅಪ್ಪ ಹನ್ನೊಂದು ಗಿಡ ಕೀಳಿಸಿದರು. ಹನ್ನೊಂದನ್ನು ಅತ್ತು ಉಳಿಸಿಕೊಂಡೆ. ತಾತನ ಜೊತೆ ಮಾತು ಬಿಟ್ಟೆ.

ಮುಂದಿನ ಫೆಬ್ರವರಿಯಲ್ಲಿ ನಾನೊಬ್ಬಳೇ ದಿನ ಲೆಕ್ಕ ಹಾಕಿದೆ. ಇಪ್ಪತ್ತಮೂರನೇ ದಿನ ಮೊಗ್ಗು ಸೀಳಿ ನೋಡಿ ನೀರು ಬಿಟ್ಟೆ, ಹನ್ನೊಂದೂ ಕಾಯಿ ಕಚ್ಚಿದವು. ನಾನು ಹಾಗೆ ನೀರು ಬಿಡುತ್ತಿದ್ದ ಬೆಳಿಗ್ಗೆಯೇ ಅವರು ಬದುವಿಗೆ ಬಂದು ನಿಂತರು. ಕಣ್ಣಿಗೆ ಪೊರೆ ಬಂದು ಹತ್ತಿರದ್ದೂ ಮಸುಕಾಗಿತ್ತು. ಮುಷ್ಟಿಯಲ್ಲಿ ತಮ್ಮ ಗಿಡದ ನಾಲ್ಕು ಮೊಗ್ಗುಗಳಿದ್ದವು.

"ಸೀಳಿ ನೋಡ್ದೆ, ಕಾಣ್ತಾ ಇಲ್ಲ ಮಗ. ನೀರ್ ಬುಡಾನಾ?"

ಇನ್ನೊಂದು ವಾರ ಎನ್ನಬಹುದಿತ್ತು. ಮೊಗ್ಗು ಈಸಿಕೊಂಡು ಸೀಳಿ ನೋಡಿದೆ. ಹಸಿರು ಕಾಳು ಆಗತಾನೆ ಕಟ್ಟುತ್ತಿತ್ತು.

"ಇವತ್ತೇ ಬಿಡಿ."

"ದಿಟ್ವಾಗ್ಲೂ?"

"ಹ್ಞೂ."

ಅವರು ತಿರುಗಿ ಹೋದರು. ಮನೆಯ ಹಿಂದಿನಿಂದ ತಮ್ಮ ಹೆಂಡತಿಗೆ, ನಾನು ಅಜ್ಜಿ ಎನ್ನುವವರಿಗೆ, ಹೇಳುವುದು ನನಗೆ ಕೇಳಿಸಿತು: "ನಾಕ್ ದಿನ ತಡಿ. ಆ ಹುಡ್ಗಿ ಸಿಟ್ಟು ಇಟ್ಕೊಂಡವ್ಳೆ."

ಆಷಾಢದಲ್ಲಿ ತಾತ ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಒಯ್ದವರು ತಿರುಗಿ ತಂದದ್ದು ದೇಹವನ್ನು. ಮಣ್ಣು ಹಾಕಲು ಹೋಗಿದ್ದೆ, ಅಳು ಬರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಅಜ್ಜಿ ಒಂದು ಕುಕ್ಕೆ ನಿಂಬೆಹಣ್ಣು ತಂದು ನಮ್ಮ ಹಜಾರದಲ್ಲಿ ಇಟ್ಟರು.

"ನೀನ್ ಅಂದ ದಿನ್ವೇ ಪೈಪು ಬುಟ್ಟಿದ್ದೆ ಕಣವ್ವ, ಅವ್ರು ಮಲ್ಗಿದ್ದಾಗ. ಹೇಳ್ಲಿಲ್ಲ. ನಾಕ್ ದಿನ ಆದ್ಮೇಲೆ ಅವ್ರ ಮುಂದೆ ಇನ್ನೊಂದ್ ಸಲ ಬುಟ್ಟೆ. ಕಾಯಿ ಕಚ್ಚಿದ್ ಮೇಲೆ ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಿ, 'ನೋಡ್ದಾ, ಆ ಹುಡ್ಗಿ ಮಾತ್ ಕೇಳಿದ್ರೆ ಎಲ್ಲ ಹಾಳಾಯ್ತಿತ್ತು' ಅಂದ್ರು."

ಹೇಳಿ ಅಜ್ಜಿ ನಕ್ಕರು. ನನಗೆ ನಗಲು ಆಗಲಿಲ್ಲ. ನಾನು ಅವರಿಗೆ ಮೋಸ ಮಾಡಲು ನೋಡಿದೆ ಎಂದೇ ನಂಬಿಕೊಂಡು ಅವರು ಹೋದರು. ಆ ಬೆಳಿಗ್ಗೆ ನಾನು ಹೇಳಿದ್ದು ಅವರೇ ಕಲಿಸಿದ್ದನ್ನು.