ಹಕ್ಕಿ ನೋಡಿ ಕಡಲು ಹೇಳುತ್ತಿದ್ದ ಅಕ್ಕ

ಅಕ್ಕನ ಬೈತಲೆಯ ಎಡಕ್ಕೆ, ಹುಣಸೆಬೀಜದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಎಣ್ಣೆ ಹಚ್ಚಿ ಬಾಚಿಕೊಂಡಾಗ ಆ ಕಲೆ ಮಿರುಗುತ್ತಿತ್ತು. ನಾನು ಮೊದಲ ದಿನವೇ ಅದನ್ನು ದಿಟ್ಟಿಸಿದ್ದು ಅವರಿಗೆ ಗೊತ್ತಾಯಿತು. "ಕಡಲ ಹಕ್ಕಿ ಕುಕ್ಕಿದ್ದು ಮಾರಾಯ್ತಿ. ತಪ್ಪು ನಂದೇ, ಅದರ ಗೂಡಿನ ಹತ್ರ ಹೋಗಿದ್ದೆ" ಎಂದು ನಕ್ಕರು.

ತೊಂಬತ್ತರ ದಶಕದ ನಡುವಿನ ಮಾತು. ತಳಕಿನವಳಾದ ನಾನು ಮೊಳಕಾಲ್ಮುರಿನ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದಿದ್ದೆ. ಅವರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ನನಗಿಂತ ಸಾಕಷ್ಟು ದೊಡ್ಡವರೆಂದು ಅಕ್ಕ ಎನ್ನುತ್ತಿದ್ದೆ; ಮದುವೆಯಾಗಿರಲಿಲ್ಲ. ನೇಕಾರರ ಮನೆಯೊಂದರ ಮಹಡಿಯಲ್ಲಿ ಇಬ್ಬರೂ ಬಾಡಿಗೆಗಿದ್ದೆವು. ಅವರ ಊರು ಹೊನ್ನಾವರದ ಕಡೆ, ಕಡಲ ದಂಡೆಯಲ್ಲಿ. ಮನೆಯವರೆಲ್ಲ ಮೀನು ಹಿಡಿಯುವವರು. ಇಲ್ಲಿ ಅಕ್ಕ ಒಣಮೀನು ಹುರಿಯುವುದಕ್ಕೂ ಮನೆಯೊಡತಿ ಅಜ್ಜಿ ಹೊರಗೆ ಹೋಗಲೆಂದು ಕಾಯುತ್ತಿದ್ದರು. ಒಂದು ದಿನ ಅಜ್ಜಿಯೇ ಮೆಟ್ಟಿಲ ಬುಡದಲ್ಲಿ ನಿಂತು, "ಏಮ್ಮಾ, ವಾಸನೆ ಮಾತ್ರ ನಮಗಾ? ಒಂದು ತುಂಡು ಕೆಳಗೆ ಕೊಡಲ್ವಾ?" ಎಂದು ಕೂಗಿದ ಮೇಲೆ ಆ ಭಯ ಹೋಯಿತು.

ಅವರ ಪಾಠದ ರುಚಿ ನೋಡಲು ಒಮ್ಮೆ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅಲ್ಲೇ ಹತ್ತಿರದ ಸಿದ್ದಾಪುರದ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಮ್ ಕೆರೆನೇ ತುಂಬಲ್ಲ. ಸಮುದ್ರದ ಹಕ್ಕಿ ತಗಂಡು ನಾವೇನ್ ಮಾಡಾದೈತೆ?" ಎಂದಳು. ತರಗತಿಯೆಲ್ಲ ನಕ್ಕಿತು. ಅಕ್ಕನೂ ನಕ್ಕರು.

"ಡಾಕ್ಟರ ಹತ್ರ ಹೋದ್ರೆ ಮೊದಲು ನಾಲಿಗೆ ತೋರ್ಸು ಅಂತಾರೆ, ಹೌದಾ? ಹೊಟ್ಟೆ ಒಳಗೆ ಎಂತ ಆಗಿದೆ ಅಂತ ಅದು ಹೇಳ್ತದೆ. ಕಡಲಿನ ಹೊಟ್ಟೆ ಯಾರಿಗೂ ಕಾಣೂದಿಲ್ಲ. ಹಕ್ಕಿ ಅದರ ನಾಲಿಗೆ."

ಬೇಸಿಗೆಯಲ್ಲಿ ಕಡಲ ನಡುವಿನ ಬಂಡೆಗಳ ಮೇಲೆ ಅವು ಮೊಟ್ಟೆಯಿಡುತ್ತವೆ, ಮರಿಗಳಿಗೆ ಸಣ್ಣ ಮೀನು ಕಚ್ಚಿ ತರುತ್ತವೆ ಎಂದು ವಿವರಿಸಿದರು. ಹತ್ತಿರದಲ್ಲಿ ಮೀನಿದ್ದರೆ ತಾಯಿ ಬೇಗ ಬರುತ್ತದೆ, ಮರಿ ದುಂಡಗಾಗುತ್ತದೆ. ಇಲ್ಲದಿದ್ದರೆ ದೂರ ಹೋಗಬೇಕು, ಮರಿ ಬಾಯಿ ತೆರೆದುಕೊಂಡೇ ಇರುತ್ತದೆ. "ಆದ್ರೆ ಒಂದು ವರ್ಷ ನೋಡಿ ತೀರ್ಪು ಕೊಡಬಾರ್ದು. ಬಿರುಗಾಳಿಗೂ ಹಕ್ಕಿ ಗೂಡು ಬಿಡ್ತದೆ, ಇಲಿ ಸೇರಿದ್ರೂ ಬಿಡ್ತದೆ. ವರ್ಷ ವರ್ಷ ನೋಡ್ಬೇಕು, ಆಮೇಲೆ ಮಾತಾಡ್ಬೇಕು."

ಇಷ್ಟು ಬಲ್ಲವರು ರಜೆಯಲ್ಲೂ ಊರಿಗೆ ಹೋಗುತ್ತಿರಲಿಲ್ಲ. ಏಕೆಂದು ತಿಳಿದದ್ದು ವರವು ಕಾವಲಿನ ಹುಲ್ಲುಗಾವಲಿನಲ್ಲಿ. ಒಂದು ಭಾನುವಾರ ಇಬ್ಬರೂ ಅಲ್ಲಿಗೆ ಹೋಗಿದ್ದೆವು. ಗಾಳಿಗೆ ಹುಲ್ಲು ದೂರದವರೆಗೂ ಅಲೆಯ ಹಾಗೆ ಬಾಗಿ ಏಳುತ್ತಿತ್ತು. "ನಮ್ಮಣ್ಣ ಇದ್ದಿದ್ರೆ ಇಲ್ಲೂ ಬಲೆ ಬೀಸ್ತಿದ್ದ" ಎಂದು ನಕ್ಕರು. ಆಮೇಲೆ ತಾವಾಗಿಯೇ ಹೇಳಿದರು.

ಮೊದಲು ಅವರಿಗೆ ಊರ ಹತ್ತಿರದ ಕಾಲೇಜಿನಲ್ಲೇ ಕೆಲಸ. ಪ್ರತಿ ಬೇಸಿಗೆಯಲ್ಲೂ ಅಣ್ಣನ ದೋಣಿಯಲ್ಲಿ ಬಂಡೆಗೆ ಹೋಗಿ ಗೂಡು ನೋಡುತ್ತಿದ್ದರು. ವರ್ಷದಿಂದ ವರ್ಷಕ್ಕೆ ಹಕ್ಕಿ ಇಳಿಯುತ್ತ ಬಂತು. ದೊಡ್ಡ ದೋಣಿಗಳ ಸಣ್ಣ ಕಣ್ಣಿನ ಬಲೆಗಳು ಮರಿಮೀನನ್ನೂ ಗುಡಿಸಿಕೊಂಡು ಹೋಗುತ್ತಿದ್ದವು. ಕೊನೆಯ ಬೇಸಿಗೆಯಲ್ಲಿ ಬಂಡೆಯ ತುಂಬ ಸತ್ತ ಮರಿಗಳು. ಮನೆಗೆ ಬಂದವರೇ ಊಟಕ್ಕೆ ಕುಳಿತಿದ್ದ ಅಣ್ಣನಿಗೆ ಹೇಳಿದರು: "ದಂಡೆ ಹತ್ರ ಮೀನೇ ಇಲ್ಲ ಅಣ್ಣಾ. ನೀವೆಲ್ಲ ಸೇರಿ ಆ ಬಲೆ ನಿಲ್ಲಿಸ್ಬೇಕು." ಅಣ್ಣ ಕೇಳಿಸಿಕೊಂಡದ್ದು ಮೊದಲ ಮಾತನ್ನು ಮಾತ್ರ. "ಹತ್ರ ಇಲ್ಲದಿದ್ರೆ ದೂರ ಹೋದ್ರಾಯ್ತು" ಎಂದು ಕೈತೊಳೆದ. ಮಳೆಗೆ ಮುಂಚೆ ಒಂದು ಸಲವೆಂದು, ಹಿಂದೆಂದೂ ಹೋಗದಷ್ಟು ದೂರಕ್ಕೆ ಆ ಪುಟ್ಟ ದೋಣಿ ಒಯ್ದ. ಆ ವರ್ಷ ಗಾಳಿ ಬೇಗ ಎದ್ದಿತು. ದೋಣಿ ಸಿಕ್ಕಿತು, ಅಣ್ಣ ಸಿಗಲಿಲ್ಲ.

ಸಾವಿನ ಮನೆಯಲ್ಲಿ ಎಲ್ಲರೆದುರು ಅತ್ತಿಗೆ ಕೂಗಿದರಂತೆ: "ನೀ ಬಾಯಿ ತೆಗೆದದ್ದಕ್ಕೇ ಅವ್ರು ಅಷ್ಟು ದೂರ ಹೋದ್ದು. ಇನ್ನು ನಂಗೆ ಮುಖ ತೋರಿಸ್ಬೇಡ."

"ಅತ್ತಿಗೆ ಸುಳ್ಳು ಹೇಳ್ಲಿಲ್ಲ" ಎಂದರು ಅಕ್ಕ. "ನಾ ಸುಮ್ನಿದ್ದಿದ್ರೆ ಅವ ಹೋಗ್ತಿರ್ಲಿಲ್ಲ."

"ದೂರ ಹೋಗು ಅಂತ ನೀವೇನ್ ಅಂದಿರ್ಲಿಲ್ವಲ್ಲಕ್ಕ."

"ಅಂದಿರ್ಲಿಲ್ಲ" ಎಂದು ಸೀರೆಗಂಟಿದ ಹುಲ್ಲುಮುಳ್ಳು ಕಿತ್ತುಕೊಳ್ಳುತ್ತ ಎದ್ದರು. ಕಡಲಿನಿಂದ ಆದಷ್ಟು ದೂರದ ಊರಿಗೆ ವರ್ಗ ಕೇಳಿ ಬಂದಿದ್ದರು ಅವರು. ಮತ್ತೆ ಆ ವಿಷಯ ನಾವು ಮಾತಾಡಲಿಲ್ಲ.

ಕೆಲವು ವರ್ಷಗಳ ಮೇಲೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ದಾವಣಗೆರೆಯ ಡಾಕ್ಟರು ತಡವಾಯಿತೆಂದರು. ಊರಿಗೆ ತಿಳಿಸುವುದು ಬೇಡವೆಂದು ಅಕ್ಕ ಆಣೆ ಹಾಕಿಸಿದರೂ ನಾನು ಅವರೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಮಳೆಗಾಲದ ಮೊದಲಲ್ಲಿ, ತಲೆ ಪೂರ್ತಿ ನರೆತ ಹೆಂಗಸೊಬ್ಬರು ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಹೊಸಿಲ ಹೊರಗೇ ನಿಂತರು. ಅಕ್ಕ ನೋಡಿದರು. ನೋಡಿದ್ದೇ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿದರು.

ಅತ್ತಿಗೆ ಒಳಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕುಳಿತರು.

"ಮಗ ಈಗ ಕಡಲಿಗೆ ಹೋಗ್ತಾನೆ" ಎಂದರು. "ಬೇಸಿಗೆ ಬಂತಂದ್ರೆ ನಾನೂ ದೋಣಿ ಹತ್ತಿ ಆ ಬಂಡೆಗೆ ಹೋಗಿ ಬರ್ತೇನೆ. ಹಕ್ಕಿ ನೋಡದೆ ಅವನನ್ನ ಕಳಿಸೂದಿಲ್ಲ."

ಅಕ್ಕ ಹೊರಳಲಿಲ್ಲ. ಗೋಡೆಗೇ ಹೇಳಿದಂತೆ, "ಈ ಸಲ ಎಂತ ಕಂಡ್ರಿ?" ಎಂದರು.

"ಗೂಡು ಕಮ್ಮಿ. ಹೋದ ವರ್ಷಕ್ಕಿಂತ್ಲೂ ಕಮ್ಮಿ."

"ಮರಿ?"

"ಬಡಕಲು."

ಆಗ ಅಕ್ಕ ಈ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. "ಹಾಗಾದ್ರೆ ದೂರ ಹೋಗ್ಬೇಡ ಅನ್ನಿ ಅವನಿಗೆ."

"ಅಂದೇ ಬಂದೆ ತಂಗೀ" ಎಂದು ಅತ್ತಿಗೆ ಅವರ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡರು.

ಆಮೇಲೆ ಅತ್ತಿಗೆ ಊರಿಗೆ ಹೋಗಲಿಲ್ಲ. ಗಂಜಿ ಕುಡಿಸಿದರು, ತಲೆ ಬಾಚಿದರು, ಇಬ್ಬರೂ ತಮ್ಮೂರ ಮಾತಿನಲ್ಲಿ ಪಿಸುಗುಟ್ಟುತ್ತಿದ್ದರು. ಶ್ರಾವಣದ ಒಂದು ಬೆಳಿಗ್ಗೆ ಅಕ್ಕ ಹೋದರು. ಮನೆಯೊಡತಿ ಅಜ್ಜಿ ಮಗ್ಗ ನಿಲ್ಲಿಸಿ, ಮೆಟ್ಟಿಲ ಮೇಲೆ ಕುಳಿತು ತನ್ನ ಮನೆಮಾತು ತೆಲುಗಿನಲ್ಲಿ ಅತ್ತಳು.

ಮಳೆ ಇಳಿದು ಕಡಲು ತಣ್ಣಗಾದ ಮೇಲೆ ಬೂದಿ ಬಿಡಲು ಅತ್ತಿಗೆಯ ಜೊತೆ ನಾನೂ ಹೋದೆ. ಅಲ್ಲಿಯವರೆಗೆ ಕಡಲು ಕಂಡವಳಲ್ಲ. ಅಣ್ಣನ ಮಗ ದೋಣಿ ನಡೆಸಿದ. ಬಂಡೆಯ ಹತ್ತಿರ ಹೋದಾಗ ಅಲ್ಲಿ ಒಂದೂ ಹಕ್ಕಿ ಇರಲಿಲ್ಲ. ನಾನು ದೋಣಿಯಲ್ಲೇ ಅರ್ಧ ಎದ್ದು ಸುತ್ತ ಹುಡುಕಿದೆ.

"ಹೆದರ್ಬೇಡಿ, ಮರಿ ಹಾರಿದ ಮೇಲೆ ಅವು ಇಲ್ಲಿರೂದಿಲ್ಲ" ಎಂದ ಹುಡುಗ.

ಇದು ನಿಜವೇ ಎಂದು ಅಕ್ಕನನ್ನು ಕೇಳಲು ತಿರುಗಿದೆ. ಅತ್ತಿಗೆ ಬೂದಿಯ ಖಾಲಿ ಮಡಕೆಯನ್ನು ಮೆಲ್ಲಗೆ ನೀರಿಗೆ ಬಿಡುತ್ತಿದ್ದರು.